ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕ್: ತೊಳೆಯೋದಾ, ಬೆಸೆಯೋದಾ, ಹೊಸದೇ ಹಾಕೋದಾ?

ಧಾರವಾಡದ ಮಾಳಮಡ್ಡಿ, ಸಾಧನಕೇರಿ ಕಡೆಯಾಗಲಿ, ಹುಬ್ಬಳ್ಳಿಯ ದೇಶಪಾಂಡೆ ನಗರದ ಹಳೆ ಮನೆಗಳಾಗಲಿ, ಅಲ್ಲೊಂದು ಇಲ್ಲೊಂದು ಪದ್ಮಿನಿ ಅಥವಾ ಅಂಬಾಸಿಡರ್ ಹೊದಿಕೆ ಹೊದ್ದುಕೊಂಡು ನಿಂತಿರುತ್ತದೆ. ಪದ್ಮಿನಿ ತಯಾರಿಕೆ ನಿಂತು ಸುಮಾರು ಕಾಲು ಶತಮಾನ ಆಯಿತು. ಅಂಬಾಸಿಡರ್ 2014ರಲ್ಲಿ ನಿಂತಿತು. ಇಂಥ ಗಾಡಿಯನ್ನು ಮತ್ತೆ ರಸ್ತೆಗೆ ಇಳಿಸಬೇಕು ಅಂತ ಹೊರಟವರು ಮೊದಲು ಎಂಜಿನ್ ಕಡೆ ನೋಡುತ್ತಾರೆ, ಆಮೇಲೆ ಬಣ್ಣದ ಕಡೆ. ಟ್ಯಾಂಕ್ ನೆನಪಾಗುವುದು ಗಾಡಿ ನವಲಗುಂದ ರಸ್ತೆಯಲ್ಲಿ ಅರ್ಧದಾರಿಗೆ ನಿಂತಾಗ.

ಈ ಕೆಲಸದಲ್ಲಿ ನನ್ನ ಹಟ ಒಂದೇ. ಟ್ಯಾಂಕಿನೊಳಗೆ ಏನಾದರೂ ಲೇಪ ಸುರಿಯುವ ಮೊದಲು, ನೀರು ಎಲ್ಲಿಂದ ಬಂತು ಮತ್ತು ತಗಡು ಇನ್ನೂ ಎಷ್ಟು ಉಳಿದಿದೆ ಅನ್ನುವುದು ಗೊತ್ತಾಗಬೇಕು. ಇವೆರಡು ಗೊತ್ತಿಲ್ಲದೆ ಮಾಡಿದ ರಿಪೇರಿ ಒಂದು ಮಳೆಗಾಲ ದಾಟುವುದು ಕಷ್ಟ.

ತುಕ್ಕು ಒಳಗಿಂದ ಯಾಕೆ ಬರುತ್ತದೆ

ಪೆಟ್ರೋಲಿನಿಂದ ತಗಡಿಗೆ ತುಕ್ಕು ಹಿಡಿಯುವುದಿಲ್ಲ. ಪೆಟ್ರೋಲಿನ ಕೆಳಗೆ ಕೂತ ನೀರು ಮತ್ತು ಮೇಲಿನ ಖಾಲಿ ಜಾಗದ ಹಸಿ ಗಾಳಿ, ತೊಂದರೆ ಕೊಡುವುದು ಇವೆರಡೇ. ಕಾಲು ಟ್ಯಾಂಕ್ ಪೆಟ್ರೋಲ್ ಇಟ್ಟು ಗಾಡಿ ನಿಲ್ಲಿಸಿದರೆ ಉಳಿದ ಮುಕ್ಕಾಲು ಭಾಗದಲ್ಲಿ ಗಾಳಿ ಇರುತ್ತದೆ. ಹಗಲು ಬಿಸಿಗೆ ಅದು ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಂಪಿಗೆ ಹೊಸ ಗಾಳಿ ಒಳಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಆ ಗಾಳಿ ಎಷ್ಟು ಹಸಿ ಇರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಈಗ ಇದರ ಜೊತೆಗೆ ಎಥನಾಲ್ ಸೇರಿಕೊಂಡಿದೆ. ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿ ಆದಾಗ ಎಥನಾಲ್ ಮತ್ತು ನೀರು ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ದಿನಾ ಓಡುವ ಗಾಡಿಗೆ ಇದು ದೊಡ್ಡ ಸಮಸ್ಯೆ ಅಲ್ಲ, ಪೆಟ್ರೋಲ್ ಖಾಲಿಯಾಗಿ ಹೊಸದು ಬರುತ್ತಲೇ ಇರುತ್ತದೆ. ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆಯುವ ಗಾಡಿಗೆ ಮಾತ್ರ ಸಮಸ್ಯೆಯೇ. ಇನ್ನೊಂದು ಗುಣವೂ ಇದೆ: ಎಥನಾಲ್ ಹಳೆ ಗೋಂದು, ಕೊಳೆಯನ್ನೆಲ್ಲ ಕರಗಿಸಿ ಮುಂದಕ್ಕೆ ತಳ್ಳುತ್ತದೆ. ಅಲ್ಲಿವರೆಗೆ ಟ್ಯಾಂಕಿನ ಗೋಡೆಗೆ ಅಂಟಿಕೊಂಡು ಸುಮ್ನೆ ಇದ್ದ ತುಕ್ಕಿನ ಪುಡಿ ಫಿಲ್ಟರ್‌ಗೆ ಬಂದು ನಿಲ್ಲುತ್ತದೆ.

ಮೊದಲು ಪತ್ತೆ ಹಚ್ಚಿ

ಗಾಡಿ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ದೂರ ಹೋಗಿ ಎಳೆಯುವುದು ನಿಲ್ಲಿಸುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಹೊರಡುತ್ತದೆ. ಇದು ಟ್ಯಾಂಕ್ ತುಕ್ಕಿನ ಮಾಮೂಲಿ ಲಕ್ಷಣ. ಪುಡಿ ಬಂದು ಪೈಪಿನ ಬಾಯಿಗೆ ಕೂರುತ್ತದೆ, ಎಂಜಿನ್ ನಿಂತಮೇಲೆ ಕೆಳಗೆ ಬೀಳುತ್ತದೆ.

ಇದೇ ಲಕ್ಷಣ ಮುಚ್ಚಳದ ದೋಷದಿಂದಲೂ ಬರುತ್ತದೆ. ಹಳೆ ಕಾರುಗಳ ಎಷ್ಟೋ ಮುಚ್ಚಳಗಳಲ್ಲಿ ಗಾಳಿ ಒಳಗೆ ಬರಲು ಸಣ್ಣ ತೂತು ಇರುತ್ತದೆ. ಅದು ಕಟ್ಟಿಕೊಂಡರೆ, ಅಥವಾ ಯಾರೋ ತೂತಿಲ್ಲದ ಬೇರೆ ಮುಚ್ಚಳ ಹಾಕಿದ್ದರೆ, ಪೆಟ್ರೋಲ್ ಖಾಲಿಯಾದಂತೆ ಒಳಗೆ ನಿರ್ವಾತ ಆಗುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತೆರೆಯಿರಿ. ಫುಸ್ ಅಂತ ಗಾಳಿ ಒಳಗೆ ಎಳೆದರೆ ಮತ್ತು ಗಾಡಿ ತಕ್ಷಣ ಹೊರಟರೆ, ಟ್ಯಾಂಕ್ ಬಿಚ್ಚುವುದೇ ಬೇಡ.

ಮುಂದಿನ ಪರೀಕ್ಷೆ ಫಿಲ್ಟರ್. ಪಾರದರ್ಶಕ ಫಿಲ್ಟರ್‌ನಲ್ಲಿ ಕಂದು ಪುಡಿ ಕಂಡರೆ ಅದನ್ನು ಹಾಳೆಯ ಮೇಲೆ ಒಣಗಿಸಿ, ಕೆಳಗಿನಿಂದ ಅಯಸ್ಕಾಂತ ಆಡಿಸಿ. ಪುಡಿ ಹಿಂದೆ ಹಿಂದೆ ಬಂದರೆ ಅದು ಟ್ಯಾಂಕಿನದೋ ಪೈಪಿನದೋ ಕಬ್ಬಿಣ ಅಂತ ಅಂದಾಜು ಮಾಡಬಹುದು. ಕಡುಕೆಂಪು ತುಕ್ಕು ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ, ಆದ್ದರಿಂದ ಪುಡಿ ಅಲ್ಲಾಡಲಿಲ್ಲ ಅಂದರೆ ತುಕ್ಕು ಇಲ್ಲ ಅಂತ ಅಲ್ಲ. ಆಮೇಲೆ ತಳದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಇಡಿ. ಕೆಳಗೆ ಬೇರೆ ಪದರ ಕಂಡರೆ ಅದು ನೀರು.

ಬಿಚ್ಚುವ ಮೊದಲು: ಬೆಂಕಿಯ ವಿಚಾರ

ಈ ಭಾಗ ಓದದೆ ಮುಂದಕ್ಕೆ ಹೋಗಬೇಡಿ. ಪೆಟ್ರೋಲ್ ಆವಿ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲೂ ಬೆಂಕಿ ಹಿಡಿಯುವಷ್ಟು ಏಳುತ್ತದೆ. ಗಾಳಿಯಲ್ಲಿ ಶೇ. 1.4ರಿಂದ 7.6ರಷ್ಟು ಆವಿ ಸೇರಿದ್ದರೆ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಜಾಸ್ತಿ ಅಪಾಯಕಾರಿ, ಯಾಕೆಂದರೆ ಈ ಪ್ರಮಾಣದ ಆವಿ ಸಿಗುವುದು ಖಾಲಿ ಟ್ಯಾಂಕಿನಲ್ಲೇ. ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಗ್ಯಾರೇಜಿನ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ, ಕಿಡಿ ಸಿಗುವವರೆಗೆ ಅಲ್ಲೇ ಇರುತ್ತದೆ.

ಆದ್ದರಿಂದ ಕೆಲಸ ಬಯಲಿನಲ್ಲಿ ಮಾಡಿ, ಗುಂಡಿಯ ಮೇಲೆ ಬೇಡ. ಬ್ಯಾಟರಿಯ ಮೈನಸ್ ತಂತಿ ಮೊದಲು ಬಿಚ್ಚಿ. ಪಕ್ಕದಲ್ಲಿ ಪುಡಿ ತುಂಬಿದ ಅಗ್ನಿಶಾಮಕ ಇರಲಿ, ಜೊತೆಗೆ ಒಂದು ಪುಟ್ಟಿ ಒಣ ಮರಳು. ಬೀಡಿ ಸಿಗರೇಟು ದೂರ. ಬಲ್ಬ್ ತೂಗುಹಾಕುವ ಹಳೆ ಲ್ಯಾಂಪ್ ಬೇಡ, ಮುಚ್ಚಿದ ಎಲ್‌ಇಡಿ ಟಾರ್ಚ್ ಇರಲಿ. ಪೆಟ್ರೋಲನ್ನು ಬಾಯಿಂದ ಎಳೆಯಬೇಡಿ. ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಅಗ್ಗದ ಕೈ ಪಂಪು ಸಾಕು.

ಟ್ಯಾಂಕ್ ಇಳಿಸುವುದು

ಟ್ಯಾಂಕ್ ಎಲ್ಲಿದೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ವಿಲ್ಲೀಸ್ ಮಾದರಿಯ ಹಳೆ ಜೀಪಿನಲ್ಲಿ ಡ್ರೈವರ್ ಸೀಟಿನ ಕೆಳಗಿದೆ, ಸೀಟು ತೆಗೆದರೆ ಅರ್ಧ ಕೆಲಸ ಮುಗಿಯಿತು. ಕಾರುಗಳಲ್ಲಿ ಡಿಕ್ಕಿಯ ಕಡೆ. ಅಳತೆಯ ಅಂದಾಜಿಗೆ: ಪದ್ಮಿನಿ ಟ್ಯಾಂಕ್ ಸುಮಾರು 38 ಲೀಟರ್, ಅಂಬಾಸಿಡರ್‌ನದು ಸುಮಾರು 54.

ಹಿಂದಿನ ದಿನವೇ ಎಲ್ಲ ನಟ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹೊಡೆದಿಡಿ. ಬಿಚ್ಚುವಾಗ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾ ಹೋಗಿ, ಅದರಲ್ಲೂ ಗೇಜ್ (ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ಅಳೆಯುವ ಭಾಗ) ತಂತಿಗಳು ಮತ್ತು ಗಾಳಿ ಪೈಪ್ ಹಾದುಹೋಗುವ ದಾರಿ. ಮೊದಲು ಪೆಟ್ರೋಲ್ ಪೂರ್ತಿ ತೆಗೆಯಿರಿ. ಆಮೇಲೆ ತಂತಿ, ಪೆಟ್ರೋಲ್ ಪೈಪ್, ತುಂಬುವ ಕುತ್ತಿಗೆಯ ರಬ್ಬರ್, ಕೊನೆಗೆ ಟ್ಯಾಂಕನ್ನು ಹಿಡಿದಿರುವ ಪಟ್ಟಿಗಳು. ಹಳೆ ಪೈಪ್ ಎಳೆದು ಕೀಳಬೇಡಿ, ಉದ್ದಕ್ಕೆ ಸೀಳಿ ತೆಗೆಯಿರಿ. ಅದನ್ನು ಹೇಗೂ ಬದಲಿಸಬೇಕು. ಗಾಡಿ ಎತ್ತಿದ್ದರೆ ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ.

ಗೇಜ್ ಘಟಕ ಬಿಚ್ಚಲು ಉಳಿ ಸುತ್ತಿಗೆ ತರುವವರು ಇದ್ದಾರೆ. ಪೆಟ್ರೋಲ್ ವಾಸನೆ ಇರುವ ಟ್ಯಾಂಕಿನ ಮೇಲೆ ಉಕ್ಕಿನಿಂದ ಉಕ್ಕಿಗೆ ಹೊಡೆಯುವುದು ಬೇಡವೇ ಬೇಡ. ಹಿತ್ತಾಳೆ ತುಂಡು ಅಥವಾ ಕಟ್ಟಿಗೆ ಬಳಸಿ.

ಉಳಿಸಬಹುದಾ, ಇಲ್ಲವಾ

ಟ್ಯಾಂಕ್ ಹೊರಗೆ ಬಂದ ಮೇಲೆ ತಳ ಮತ್ತು ಜೋಡಣೆಯ ಅಂಚುಗಳನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಒಳಗೆ ಟಾರ್ಚ್ ಬಿಟ್ಟು ಕತ್ತಲೆಯಲ್ಲಿ ಹೊರಗಿನಿಂದ ನೋಡಿ, ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಕಾಣುತ್ತದೆ. ನನ್ನ ಲೆಕ್ಕ ಹೀಗೆ: ಒಳಗೆ ತೆಳು ತುಕ್ಕು ಇದ್ದು ತಗಡು ಗಟ್ಟಿ ಇದ್ದರೆ ತೊಳೆಯಿರಿ. ಒಂದೆರಡು ತೂತು ಒಂದೇ ಕಡೆ ಇದ್ದು ಸುತ್ತಲಿನ ತಗಡು ಚೆನ್ನಾಗಿದ್ದರೆ ಬೆಸೆಯಿರಿ. ತಳ ಒತ್ತಿದರೆ ಒಳಗೆ ಹೋಗುತ್ತದೆ, ತೂತು ಚದುರಿವೆ, ಅಂಚೇ ಉದುರುತ್ತಿದೆ ಅಂದರೆ ಅದಕ್ಕೆ ದುಡ್ಡು ಹಾಕಬೇಡಿ. ನೀವು ಮುಚ್ಚಿದ ತೂತಿನ ಪಕ್ಕದಲ್ಲೇ ಮುಂದಿನ ತೂತು ಬರುತ್ತದೆ.

ತೊಳೆಯುವ ಕ್ರಮ

ಮೊದಲು ಬಿಸಿನೀರು, ವಾಷಿಂಗ್ ಸೋಡಾ ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್. ನೀರು ತುಂಬಿಸಿ, ಅಲ್ಲಾಡಿಸಿ, ಸುರಿಯಿರಿ. ಪೆಟ್ರೋಲ್ ವಾಸನೆ ಹೋಗುವವರೆಗೆ ಮತ್ತೆ ಮತ್ತೆ ಮಾಡಿ. ಜಿಡ್ಡು ಇರುವಲ್ಲಿ ಮುಂದೆ ಹಾಕುವ ಆಸಿಡ್ ತುಕ್ಕಿಗೆ ಮುಟ್ಟುವುದೇ ಇಲ್ಲ. ಎಷ್ಟೋ ಜನ ಈ ಹಂತ ಬಿಟ್ಟು, ಆಸಿಡ್ ಕೆಲಸ ಮಾಡಲಿಲ್ಲ ಅಂತ ಬೈಯುತ್ತಾರೆ.

ಆಮೇಲೆ ಉದುರುವ ತುಕ್ಕನ್ನು ಕೆರೆದು ತೆಗೆಯಬೇಕು. ನಟ್ಟು, ಜಲ್ಲಿ ಹಾಕಿ ಅಲ್ಲಾಡಿಸುವುದು ರೂಢಿ. ನಾನು ಸರಪಳಿ ಹಾಕು ಅನ್ನುತ್ತೇನೆ. ಟ್ಯಾಂಕಿನೊಳಗೆ ಪೆಟ್ರೋಲ್ ಕುಲುಕದಂತೆ ತಡೆಗೋಡೆಗಳಿರುತ್ತವೆ. ನಟ್ಟು ಅವುಗಳ ಹಿಂದೆ ಸಿಕ್ಕಿಕೊಂಡರೆ ಜೀವನವಿಡೀ ಗಲಗಲ ಅನ್ನುತ್ತದೆ. ಒಂದು ತುದಿಗೆ ತಂತಿ ಕಟ್ಟಿದ ಸರಪಳಿ ಇಡಿಯಾಗಿ ಹೊರಗೆ ಬರುತ್ತದೆ. ಕೈಯಲ್ಲಿ ಅಲ್ಲಾಡಿಸಿ ಸುಸ್ತಾದರೆ ಹಳ್ಳಿ ಕಡೆಯ ಉಪಾಯ ಇದೆ: ಟ್ರ್ಯಾಕ್ಟರಿನ ಹಿಂದಿನ ಗಾಲಿ ಎತ್ತಿ ಸ್ಟ್ಯಾಂಡ್ ಕೊಟ್ಟು, ಟ್ಯಾಂಕನ್ನು ಹಳೆ ಗೋಣಿಚೀಲದಲ್ಲಿ ಸುತ್ತಿ ಗಾಲಿಗೆ ಕಟ್ಟಿ, ಅತಿ ನಿಧಾನದ ಗೇರಿನಲ್ಲಿ ತಿರುಗಿಸುವುದು. ಹಗ್ಗ ಗಟ್ಟಿ ಇರಬೇಕು, ಉಳಿದ ಗಾಲಿಗಳಿಗೆ ಅಡ್ಡ ಕಲ್ಲು ಕೊಟ್ಟಿರಬೇಕು, ಹತ್ತಿರ ಮಕ್ಕಳು ಇರಬಾರದು.

ಈಗ ಆಸಿಡ್. ನನ್ನ ಆಯ್ಕೆ ಸಿಟ್ರಿಕ್ ಆಸಿಡ್, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು. ಲೀಟರ್ ನೀರಿಗೆ 50 ಗ್ರಾಂ. ಪದ್ಮಿನಿ ಟ್ಯಾಂಕ್ ಪೂರ್ತಿ ತುಂಬಲು 2 ಕಿಲೋ ಹತ್ತಿರ ಬೇಕು. ನೀರು ಬಿಸಿ ಇದ್ದರೆ ಬೇಗ ಕೆಲಸ ಆಗುತ್ತದೆ. ಬಾಯಿವರೆಗೆ ತುಂಬಿ, ಮುಚ್ಚಳ ಬಿಗಿಯದೆ ಒಂದು ರಾತ್ರಿ ಬಿಡಿ, ಆಗಾಗ ಟಾರ್ಚ್ ಹಾಕಿ ನೋಡಿ. ತಗಡು ಬೂದು ಬಣ್ಣಕ್ಕೆ ಬಂದರೆ ಸಾಕು. ದಿನಗಟ್ಟಲೆ ಬಿಟ್ಟರೆ ಒಳ್ಳೆಯ ಲೋಹವನ್ನೂ ತಿನ್ನುತ್ತದೆ. ವಿನೆಗರ್ ಕೂಡ ನಡೆಯುತ್ತದೆ, ಆದರೆ ನಿಧಾನ, ಮತ್ತು 38 ಲೀಟರ್ ವಿನೆಗರ್ ಯಾರು ಕೊಳ್ಳುತ್ತಾರೆ? ಬಾತ್‌ರೂಮ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಬೇಡ. ಅದು ಹತ್ತು ನಿಮಿಷದಲ್ಲಿ ಫಳಫಳ ಮಾಡುತ್ತದೆ ನಿಜ, ಜೊತೆಗೆ ತೆಳು ತಗಡನ್ನೂ ತಿನ್ನುತ್ತದೆ. ಅಂಚುಗಳಲ್ಲಿ ಉಳಿದ ಕ್ಲೋರೈಡ್ ಮತ್ತೆ ತುಕ್ಕು ತರುತ್ತದೆ.

ದಪ್ಪ ತುಕ್ಕಿಗೆ ವಿದ್ಯುತ್ ವಿಧಾನವಿದೆ. ವಾಷಿಂಗ್ ಸೋಡಾ ನೀರು ತುಂಬಿಸಿ, ನಡುವೆ ಟ್ಯಾಂಕಿಗೆ ಎಲ್ಲೂ ತಾಗದಂತೆ ಕಬ್ಬಿಣದ ಸರಳು ಇಳಿಬಿಟ್ಟು, 12 ವೋಲ್ಟ್ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಸ್ಟೇನ್‌ಲೆಸ್ ಸರಳು ಬಳಸಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಅನಿಲ ಏಳುತ್ತದೆ, ಆದ್ದರಿಂದ ಬಯಲಿನಲ್ಲೇ ಮಾಡಿ. ಕ್ಲಿಪ್ ಕೀಳುವ ಮೊದಲು ಗೋಡೆಯ ಸ್ವಿಚ್ ಆರಿಸಿ, ಇಲ್ಲವಾದರೆ ಕಿಡಿ ಹಾರುತ್ತದೆ.

ಹಳೆ ಟ್ಯಾಂಕುಗಳ ತಗಡಿಗೆ ಸೀಸ ಮತ್ತು ತವರದ ಲೇಪ ಇರುವುದು ಸಾಮಾನ್ಯ. ಆಸಿಡ್ ಅದನ್ನೂ ಸ್ವಲ್ಪ ಕರಗಿಸುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಆ ನೀರನ್ನು ಹಿತ್ತಲಿಗೆ, ಗಟಾರಕ್ಕೆ, ಬಾವಿ ಹತ್ತಿರ ಚೆಲ್ಲಬೇಡಿ. ಮುಚ್ಚುವ ಕ್ಯಾನಿನಲ್ಲಿ ತುಂಬಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು.

ಆಸಿಡ್ ಹೊರತೆಗೆದ ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಶುದ್ಧ ನೀರಿನಿಂದ ಮತ್ತೊಮ್ಮೆ ತೊಳೆದು, ತಡಮಾಡದೆ ಒಣಗಿಸಿ. ಬರಿ ಲೋಹಕ್ಕೆ ನಿಮಿಷಗಳಲ್ಲಿ ಹೊಸ ತುಕ್ಕಿನ ಕೆಂಪು ಬರುತ್ತದೆ. ಬ್ಲೋವರ್ ಗಾಳಿ ಬಿಡಿ, ಜೊತೆಗೆ ಬಿಸಿಲಿಗೆ ಇಡಿ. ಹಾಗಾಗಿಯೇ ಈ ಕೆಲಸಕ್ಕೆ ಸರಿಯಾದ ಕಾಲ ಫೆಬ್ರವರಿಯಿಂದ ಮೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಗುವ ಬಿಸಿಲಿನಲ್ಲಿ ಟ್ಯಾಂಕೂ ಒಣಗುತ್ತದೆ, ಜುಲೈ ತಿಂಗಳ ಧಾರವಾಡದಲ್ಲಿ ಒಣಗುವುದಿಲ್ಲ. ಒಣಗಿದ ಮೇಲೆ ತಕ್ಷಣ ಮುಂದಿನ ಕೆಲಸ ಇಲ್ಲದಿದ್ದರೆ ಸ್ವಲ್ಪ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಒಳಗೆ ಹಾಕಿ ಎಲ್ಲ ಕಡೆ ಹರಿಸಿಡಿ. ಬೆಸುಗೆ ಅಥವಾ ಲೇಪ ಬಾಕಿ ಇದ್ದರೆ ಆಯಿಲ್ ಹಾಕಬೇಡಿ.

ಸೋರಿಕೆ ಪರೀಕ್ಷೆ ಮತ್ತು ಬೆಸುಗೆ

ಎಲ್ಲ ಬಾಯಿಗಳನ್ನೂ ಮುಚ್ಚಿ, ಸೈಕಲ್ ಪಂಪಿನಿಂದ ಸ್ವಲ್ಪವೇ ಗಾಳಿ ಕೊಟ್ಟು, ಸಾಬೂನು ನೀರು ಬಳಿದು ಗುಳ್ಳೆ ನೋಡಿ. ಒತ್ತಡ 2 ಪಿಎಸ್‌ಐ ದಾಟಬಾರದು. ಇದು ಕಡಿಮೆ ಅನ್ನಿಸಬಹುದು. ಆದರೆ 30 ಸೆಂ.ಮೀ.ಗೆ 40 ಸೆಂ.ಮೀ. ಇರುವ ಒಂದು ಮುಖದ ಮೇಲೆ ಅಷ್ಟೇ ಒತ್ತಡ ಸುಮಾರು 170 ಕಿಲೋ ಭಾರ ಹಾಕುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೈಪ್ ನೇರ ಕೊಟ್ಟರೆ ಟ್ಯಾಂಕ್ ಉಬ್ಬಿ ಅಂಚು ಬಿರಿಯುತ್ತದೆ.

ತೂತು ಸಿಕ್ಕಿತು ಅಂತ ನೇರ ವೆಲ್ಡಿಂಗ್ ಅಂಗಡಿಗೆ ಹೋದರೆ ಕೇಳುವ ಮಾತು ಇದು: “ಏನೂ ಆಗಂಗಿಲ್ರಿ ಸರ, ಎರಡ ನಿಮಿಷದಾಗ ಹೊಡದ ಕೊಡ್ತೀನಿ.” ಟ್ಯಾಂಕ್ ತಿರುಗಿಸಿಕೊಂಡು ಮನೆಗೆ ಬನ್ನಿ. ತೊಳೆದ ಟ್ಯಾಂಕಿನ ಅಂಚಿನ ಮಡಿಕೆಯಲ್ಲೂ ಪೆಟ್ರೋಲ್ ಉಳಿದಿರುತ್ತದೆ, ಕಾವು ತಗುಲಿದಾಗ ಆವಿಯಾಗಿ ಹೊರಬರುತ್ತದೆ. ಗೊತ್ತಿರುವ ಮೇಸ್ತ್ರಿ ಮೊದಲು ಹಬೆ ಕೊಡುತ್ತಾನೆ, ಆಮೇಲೆ ಬೆಸೆಯುವ ಜಾಗದ ಸ್ವಲ್ಪ ಕೆಳಗಿನವರೆಗೆ ನೀರು ತುಂಬುತ್ತಾನೆ, ಉಳಿದ ಜಾಗಕ್ಕೆ ಇಂಗಾಲದ ಡೈಆಕ್ಸೈಡ್ ಅಥವಾ ಆರ್ಗಾನ್ ಬಿಡುತ್ತಾನೆ, ಬಾಯಿಗಳನ್ನು ತೆರೆದೇ ಇಡುತ್ತಾನೆ. ಇದನ್ನೆಲ್ಲ ಕೇಳದೆ ತಾನಾಗಿ ಹೇಳುವವನ ಕೈಗೆ ಮಾತ್ರ ಕೊಡಿ.

ಸಣ್ಣ ತೂತಿಗೆ ವೆಲ್ಡಿಂಗೇ ಬೇಕಿಲ್ಲ. ರೇಡಿಯೇಟರ್ ರಿಪೇರಿ ಮಾಡುವವರ ಸೀಸದ ಬೆಸುಗೆ ತೆಳು ತಗಡಿಗೆ ಒಗ್ಗುತ್ತದೆ. ತೂತಿನ ಸುತ್ತ ಲೋಹ ಹೊಳೆಯುವಂತೆ ಕೆರೆದು, ಬೇರೆ ಕಡೆ ಕಾಯಿಸಿದ ದೊಡ್ಡ ತಾಮ್ರದ ಕಾವಿಯಿಂದ (ಬೆಸುಗೆ ಕೋಲಿನಿಂದ) ಬೆಸೆಯುತ್ತಾರೆ, ಹಾಗಾಗಿ ಟ್ಯಾಂಕಿನ ಹತ್ತಿರ ಜ್ವಾಲೆ ಬರುವುದಿಲ್ಲ. ಮೊಳೆಗಿಂತ ದೊಡ್ಡ ತೂತಾದರೆ ಮೇಲೆ ತೆಳು ತಗಡಿನ ತೇಪೆ ಇಟ್ಟು ಬೆಸೆಯಬೇಕು. ತೊಳೆಯುವ, ಬೆಂಕಿ ತಡೆಯುವ ಕ್ರಮ ಇಲ್ಲಿಯೂ ಅದೇ. ಸಾಮಾನ್ಯ ಎಪಾಕ್ಸಿ ಉಂಡೆಯನ್ನು ಕಾಯಂ ರಿಪೇರಿ ಅಂತ ನಂಬಬೇಡಿ. ದಾರಿಯಲ್ಲಿ ಸೋರಿದರೆ ಬಟ್ಟೆ ಸೋಪನ್ನು ತೂತಿಗೆ ಒತ್ತಿ ಉಜ್ಜುವ ಹಳೆ ಉಪಾಯ ಮನೆ ಮುಟ್ಟಿಸುತ್ತದೆ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ.

ಒಳಲೇಪ

ಗಟ್ಟಿ, ಶುದ್ಧ ಟ್ಯಾಂಕಿಗೆ ಒಳಲೇಪ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಲೇಪ ಸರಿಯಾಗಿ ಹಿಡಿಯದೆ ಸಿಪ್ಪೆ ಎದ್ದರೆ ತುಕ್ಕಿಗಿಂತ ಕಷ್ಟ. ತುಂಡುಗಳು ಪೈಪಿನ ಬಾಯಿಗೆ ಬಂದು ಮುಚ್ಚಿಕೊಳ್ಳುತ್ತವೆ, ಅದನ್ನು ಕರಗಿಸಿ ತೆಗೆಯುವುದು ದೊಡ್ಡ ತಲೆನೋವು. ಒಳಗೆ ಗುಂಡಿಗುಂಡಿ ಬಿದ್ದಿದ್ದರೆ ಮಾತ್ರ ಹಾಕಿ. ಡಬ್ಬಿಯ ಮೇಲೆ ಎಥನಾಲ್ ತಡೆಯುತ್ತದೆ ಅಂತ ಸ್ಪಷ್ಟವಾಗಿ ಬರೆದಿರಬೇಕು, ಹಳೆ ಕಾಲದ ಕೆಲವು ಲೇಪಗಳು ಎಥನಾಲ್‌ಗೆ ಮೆತ್ತಗಾಗಿ ಬಿಡುತ್ತವೆ. ಸುರಿಯುವ ಮೊದಲು ಪೆಟ್ರೋಲ್ ಹೊರಹೋಗುವ ಪೈಪಿಗೆ ಗ್ರೀಸ್ ಹಚ್ಚಿದ ಕಡ್ಡಿ ತೂರಿಸಿಡಿ. ಎಲ್ಲ ಮೈಗೂ ಹರಿಯುವಂತೆ ತಿರುಗಿಸಿ, ಹೆಚ್ಚಾದದ್ದನ್ನು ಪೂರ್ತಿ ಸುರಿದುಬಿಡಿ. ಮೂಲೆಯಲ್ಲಿ ಮಡುಗಟ್ಟಿದ ಲೇಪ ಗಟ್ಟಿಯಾಗುವುದಿಲ್ಲ. ಡಬ್ಬಿಯಲ್ಲಿ ಹೇಳಿದಷ್ಟು ದಿನ ಪೂರ್ತಿ ಕಾಯಿರಿ, ಅವಸರ ಬೇಡ.

ಹೊಸ ಟ್ಯಾಂಕ್

ಗುಜರಿ ಟ್ಯಾಂಕ್ ಕೊಳ್ಳುವುದಾದರೆ ಮೇಲೆ ಹೇಳಿದ ಹೆಬ್ಬೆರಳು ಮತ್ತು ಟಾರ್ಚ್ ಪರೀಕ್ಷೆ ಅಂಗಡಿಯಲ್ಲೇ ಮಾಡಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತುವುದು ಇದ್ದೇ ಇದೆ. ಆದರೆ ಟ್ಯಾಂಕ್ ಅಂದರೆ ಕೊನೆಗೆ ತಗಡಿನ ಪೆಟ್ಟಿಗೆಯೇ ಅಲ್ವಾ? ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಕೈಗಾರಿಕಾ ಪ್ರದೇಶದ ಕಡೆ ತಗಡು ಮಡಚಿ ವೆಲ್ಡ್ ಮಾಡುವ ಘಟಕ ಹುಡುಕಿದರೆ, ಹಳೆ ಟ್ಯಾಂಕನ್ನೇ ಮಾದರಿಯಾಗಿ ಕೊಟ್ಟು ಮಾಡಿಸಬಹುದು. ಅದಕ್ಕೇ ಹಳೆಯದು ಎಷ್ಟೇ ಹಾಳಾಗಿದ್ದರೂ ಎಸೆಯಬೇಡಿ.

ಮಾಡಿಸುವಾಗ ತಗಡು 1 ಮಿ.ಮೀ. ಆಸುಪಾಸಿನ ಕೋಲ್ಡ್ ರೋಲ್ಡ್ ಉಕ್ಕು ಇರಲಿ. ನೀರಿನ ಟಾಕಿಗೆ ಬಳಸುವ ಸತುವಿನ ತಗಡು ಬೇಡ, ಎಥನಾಲ್ ಮತ್ತು ನೀರು ಸೇರಿ ಸತುವನ್ನು ತಿಂದು ಬಿಳಿ ಪುಡಿ ಮಾಡುತ್ತವೆ. 304 ದರ್ಜೆಯ ಸ್ಟೇನ್‌ಲೆಸ್ ಚೆನ್ನಾಗಿ ಬಾಳುತ್ತದೆ, ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ವೆಲ್ಡಿಂಗ್) ಕೈಚಳಕ ಬೇಕು, ಖರ್ಚೂ ಜಾಸ್ತಿ. ಒಳಗಿನ ತಡೆಗೋಡೆ ಬಿಡಬೇಡಿ ಅಂತ ಒತ್ತಿ ಹೇಳಿ. ಅದಿಲ್ಲದಿದ್ದರೆ ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆ ಓಡಿ ಎಂಜಿನ್ ಕೆಮ್ಮುತ್ತದೆ. ಪೆಟ್ರೋಲ್ ಎಳೆಯುವ ಪೈಪಿನ ಬಾಯಿ ತಳದಿಂದ 10–15 ಮಿ.ಮೀ. ಮೇಲಿರಲಿ, ಕೊಳೆ ಕೂರಲು ಜಾಗ ಉಳಿಯುತ್ತದೆ. ತಳದಲ್ಲಿ ನೀರು, ಕೊಳೆ ಹೊರಹಾಕುವ ಬೋಲ್ಟ್ ಇಡಿಸಿ, ಮೂಲ ಟ್ಯಾಂಕಿನಲ್ಲಿ ಇಲ್ಲದಿದ್ದರೂ. ಗೇಜ್ ಕೂರುವ ವೃತ್ತದ ಸ್ಕ್ರೂ ತೂತುಗಳ ಅಳತೆ ತಪ್ಪಿದರೆ ಎಲ್ಲ ವ್ಯರ್ಥ, ಗೇಜನ್ನೇ ಘಟಕಕ್ಕೆ ಒಯ್ದು ಕೂರಿಸಿ ನೋಡಿ.

ಮತ್ತೆ ಜೋಡಿಸುವುದು

ಹೊರಮೈಗೆ ಎಪಾಕ್ಸಿ ಪ್ರೈಮರ್, ಮೇಲೆ ಕಪ್ಪು ಬಣ್ಣ. ಟ್ಯಾಂಕ್ ಮತ್ತು ಪಟ್ಟಿಯ ನಡುವೆ ಹಳೆಯ ನಾರಿನ ಪಟ್ಟಿ ಇದ್ದರೆ ಕಿತ್ತು ಹಾಕಿ. ಅದು ನೀರು ಹಿಡಿದಿಟ್ಟುಕೊಂಡು ಹೊರಗಿನಿಂದ ತಗಡು ತಿನ್ನಿಸುತ್ತದೆ. ರಬ್ಬರ್ ಪಟ್ಟಿ ಹಾಕಿ. ಪೈಪ್ ಎಥನಾಲ್ ತಡೆಯುವಂಥದ್ದೇ ಇರಲಿ, ಮೇಲೆ ಎಸ್‌ಎಇ ಜೆ30 ಆರ್9 ಅಂತ ಗುರುತು ಇದ್ದರೆ ಒಳ್ಳೆಯದು. ಟ್ಯಾಂಕಿನಿಂದ ಮುಂದೆ ಹೋಗುವ ಲೋಹದ ಪೈಪಿನಲ್ಲೂ ತುಕ್ಕು ಇರುತ್ತದೆ. ಎರಡೂ ತುದಿ ಬಿಚ್ಚಿ ಗಾಳಿ ಊದಿ. ಪಂಪಿನ ಜಾಲರಿ, ಕಾರ್ಬೊರೇಟರ್ ಬೌಲ್ (ಎಂಜಿನ್ನಿಗೆ ಹೋಗುವ ಮೊದಲು ಪೆಟ್ರೋಲ್ ನಿಲ್ಲುವ ಬಟ್ಟಲು) ಎರಡನ್ನೂ ತೊಳೆಯಿರಿ. ಹೊಸ ಟ್ಯಾಂಕ್ ಹಾಕಿ ಹಳೆ ಕೊಳೆಯನ್ನು ಬೌಲಿನಲ್ಲೇ ಬಿಟ್ಟರೆ ಗಾಡಿ ಹಳೆಯ ಹಾಗೆಯೇ ನಿಲ್ಲುತ್ತದೆ, ಆಮೇಲೆ ಬೈಗುಳ ಟ್ಯಾಂಕ್ ಮಾಡಿದವನಿಗೆ.

ಗೇಜಿನ ತೇಲುಬುಡ್ಡೆಯನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ದ್ರವದ ಸದ್ದು ಬಂದರೆ ತೂತಾಗಿದೆ. ಮಲ್ಟಿಮೀಟರ್ ಹಿಡಿದು ಕಡ್ಡಿ ಮೇಲೆ ಕೆಳಗೆ ಮಾಡಿದಾಗ ಓಮ್ ಸಂಖ್ಯೆ ಜಿಗಿಯದೆ ಬದಲಾಗಬೇಕು. ಬಣ್ಣ ಹೊಡೆದ ಮೇಲೆ ಗೇಜ್ ಸತ್ತಂತಾದರೆ ಗಾಬರಿ ಬೇಡ, ಅರ್ಥಿಂಗ್ ತಪ್ಪಿರುತ್ತದೆ. ಗೇಜಿನ ಒಂದು ಸ್ಕ್ರೂನಿಂದ ಗಾಡಿಯ ಲೋಹದ ಮೈಗೆ ಪ್ರತ್ಯೇಕ ತಂತಿ ಎಳೆಯಿರಿ.

ಮೊದಲು 5 ಲೀಟರ್ ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಕೆಳಗೆ ಹಾಳೆ ಹಾಸಿ ನೋಡಿ. ಆಮೇಲೆ ಪೂರ್ತಿ ತುಂಬಿಸಿ ಮತ್ತೊಮ್ಮೆ ನೋಡಿ. ಮೇಲಿನ ಅಂಚಿನ, ಕುತ್ತಿಗೆಯ ಸೋರಿಕೆ ತುಂಬಿದಾಗಲೇ ತಿಳಿಯುವುದು. ಟ್ಯಾಂಕ್ ಮತ್ತು ಪಂಪಿನ ನಡುವೆ ಪಾರದರ್ಶಕ ಫಿಲ್ಟರ್ ಹಾಕಿ, 100–200 ಕಿ.ಮೀ. ಓಡಿದ ಮೇಲೆ ಬದಲಿಸಿ. ಡಿಕ್ಕಿಯಲ್ಲಿ ಇನ್ನೆರಡು ಇರಲಿ.

ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಕಾಲು ಟ್ಯಾಂಕ್ ಇಟ್ಟು ನಿಲ್ಲಿಸಬೇಡಿ. ಒಂದೆರಡು ತಿಂಗಳಾದರೆ ಬಾಯಿವರೆಗೆ ತುಂಬಿಸಿ. ಅದಕ್ಕಿಂತ ಜಾಸ್ತಿಯಾದರೆ ಪೂರ್ತಿ ಖಾಲಿ ಮಾಡಿ, ಒಣಗಿಸಿ, 2ಟಿ ಆಯಿಲ್ ಹರಿಸಿಡಿ. ಹೊರತೆಗೆದ ಪೆಟ್ರೋಲ್ ಮಾಸುವ ಮೊದಲು ನಿಮ್ಮ ಸ್ಕೂಟರಿಗೆ ಹಾಕಿ ಓಡಿಸಿಬಿಡಿ. ಮುಚ್ಚಳದ ವಾಷರ್ ಬಿರುಕು ಬಿಟ್ಟಿದ್ದರೆ ಜೂನ್‌ಗೆ ಮೊದಲೇ ಬದಲಿಸಿ.